ನೀರೊಂದು ಬಿಟ್ಟು ಎಲ್ಲ ಇರುವ ಜಲಮಾರ್ಗ

2016ರಲ್ಲಿ ಸಂಸತ್ತು ಒಂದೇ ಏಟಿಗೆ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿ ಮಾಡಿತು. ಭೀಮೆಗೆ 21, ಘಟಪ್ರಭೆಗೆ 41, ಮಲಪ್ರಭೆಗೆ 67, ತುಂಗಭದ್ರೆಗೆ 104ನೇ ನಂಬರು. ಏಪ್ರಿಲ್‌ನಲ್ಲಿ ಮಲಪ್ರಭೆಯ ಪಾತ್ರಕ್ಕಿಳಿದು ಹುಡುಕಿದರೆ ಆ 67 ಜಾಲಿಕಂಟಿಯ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ. ನಂಬರು ಬಂತಲ್ಲ, ನೀರು ಹಿಂದೆ ಬರುತ್ತದೆ.

ಜಲಮಾರ್ಗಗಳಿಗೆ ದರ್ಜೆಗಳಿವೆ. ಎಲ್ಲಕ್ಕಿಂತ ಸಣ್ಣದಾದ ಒಂದನೇ ದರ್ಜೆಗೇ 1.2 ಮೀಟರ್ ಆಳ, ತಳದಲ್ಲಿ 30 ಮೀಟರ್ ಅಗಲ ಬೇಕು. ಈ ನದಿಗಳಲ್ಲಿ ತಲೆತಲಾಂತರದಿಂದ ಓಡಾಡುತ್ತಿರುವ ಹರಿಗೋಲಿಗೆ ಬೇಕಾದದ್ದು ಗೇಣು ನೀರು. ಬಿದಿರಿನ ಹೆಣಿಗೆ, ಮೇಲೆ ಒಂದು ಹೊದಿಕೆ, ಅದಕ್ಕೆ ಡಾಂಬರು. ಮೊದಲು ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ. ಬಂಡೆಗೆ ಉಜ್ಜಿದಲ್ಲಿ ಡಾಂಬರು ಎದ್ದು ಹೋಗುತ್ತದೆ, ಅಲ್ಲಿಂದ ನೀರು ಜಿನುಗುತ್ತದೆ. ದಡಕ್ಕೆಳೆದು ಬೋರಲು ಹಾಕಿ ಒಣಗಿಸಿ ಮತ್ತೆ ಬಳಿದರೆ ಆಯಿತು.

2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ಯಂತ್ರವಿಲ್ಲದ ದೋಣಿಯ ಹೆಸರು ಸ್ಥಳೀಯ ಸಂಸ್ಥೆಯಲ್ಲಿ ದಾಖಲಾಗಬೇಕು. ಯಂತ್ರ ಕೂರಿಸಿದರೆ ಸರ್ವೆ, ನೋಂದಣಿ, ವಿಮೆ, ನಡೆಸುವವನಿಗೆ ಅರ್ಹತಾ ಪತ್ರ. ತಪ್ಪೇನಿಲ್ಲ, ಜೀವದ ವಿಷಯ. ಆದರೆ ಉದ್ದ ಎಷ್ಟು, ಅಗಲ ಎಷ್ಟು ಎಂದು ಕೇಳಿದರೆ ಹರಿಗೋಲಿನವನು ಏನು ಹೇಳಬೇಕು? ಅವನ ಹತ್ತಿರ ಇರುವುದು ವ್ಯಾಸ. ಮೂತಿ ಯಾವ ಕಡೆ ಎಂದರೆ ಎಲ್ಲ ಕಡೆ. ಒಂದೇ ಪಕ್ಕಕ್ಕೆ ಹುಟ್ಟು ಹಾಕಿದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಕಚೇರಿಯಲ್ಲಿ ಫೈಲು ತಿರುಗುವುದನ್ನು ಕಂಡವರಿಗೆ ಇದು ಹೊಸದಲ್ಲ.

ನೀರಿದ್ದಾಗಲಾದರೂ ದೋಣಿ ಹೋಗಲಿ ಎನ್ನಿ. ಮಳೆಗಾಲ ಮುಗಿಯುತ್ತಿದ್ದಂತೆ ಬ್ಯಾರೇಜುಗಳಿಗೆ ಗೇಟು ಹಾಕುತ್ತಾರೆ. ಆಗ ಹಿಂದೆ ನೀರು ನಿಲ್ಲುತ್ತದೆ, ಮುಂದೆ ಗೇಟು ನಿಲ್ಲುತ್ತದೆ. ಆ ನೀರು ಕಬ್ಬಿಗೆ ಮತ್ತು ಕುಡಿಯಲು. ಹಡಗಿಗೆಂದು ಯಾವ ರೈತನೂ ಗೇಟು ಎತ್ತಲು ಬಿಡುವುದಿಲ್ಲ, ಬಿಡಲೂಬಾರದು. ಮಳೆಗಾಲಕ್ಕೆ ಗೇಟು ತೆಗೆದಾಗ ದಾರಿ ಸಲೀಸು, ಆದರೆ ಅದು ಪ್ರವಾಹ. ದೋಣಿ ಇಳಿಸಬೇಡಿ ಎಂದು ಊರೂರಲ್ಲಿ ಡಂಗುರ. ಎರಡು ಬಾಗಿಲ ನಡುವಿನ ತೊಟ್ಟಿಗೆ ನೀರು ತುಂಬಿ ದೋಣಿಯನ್ನು ಮೇಲೆ ಕೆಳಗೆ ದಾಟಿಸುವ ಲಾಕ್ ಎಂಬುದೊಂದಿದೆ. ನಮ್ಮ ಬ್ಯಾರೇಜು ಕಟ್ಟಿದವರ ಕನಸಿನಲ್ಲೂ ಅದು ಬಂದಂತಿಲ್ಲ. ಹರಿಗೋಲಿನವನಿಗೆ ಆ ಚಿಂತೆಯೂ ಇಲ್ಲ: ಇಳಿದು, ತಲೆಯ ಮೇಲೆ ಹೊತ್ತು, ಆಚೆ ಬದಿಗೆ ಇಟ್ಟುಕೊಳ್ಳುತ್ತಾನೆ.

ತುಂಗಭದ್ರೆಯಲ್ಲಿ ಈಚೆಗೆ ತೇಲಿದ ಭಾರೀ ಕಬ್ಬಿಣದ ಸರಕು ಎಂದರೆ 2024ರ ಆಗಸ್ಟಿನಲ್ಲಿ ಚೈನು ಕಡಿದು ಕೊಚ್ಚಿಹೋದ ಅಣೆಕಟ್ಟಿನ 19ನೇ ಗೇಟು. ಅದಕ್ಕೆ ಸರ್ವೆ ಸರ್ಟಿಫಿಕೇಟು ಕೇಳಿದವರಿಲ್ಲ.

ದೋಣಿಯವರ ಪರವಾಗಿ ಸದ್ಯಕ್ಕೆ ಒಂದೇ ಅಹವಾಲು. ಬೇಸಿಗೆಯಲ್ಲಿ ಈ ರಾಷ್ಟ್ರೀಯ ಜಲಮಾರ್ಗಗಳ ನಟ್ಟನಡುವೆ ಬಿಡುವಿಲ್ಲದೆ ಸಂಚರಿಸುವುದು ಮರಳಿನ ಟ್ರ್ಯಾಕ್ಟರುಗಳು, ಹೆಚ್ಚಾಗಿ ರಾತ್ರಿ, ಲೈಟು ಆರಿಸಿಕೊಂಡು. ಯಂತ್ರವಿದೆ, ಸರಕಿದೆ, ಮುಳುಗುವ ಭಯವಿಲ್ಲ. ಒಳನಾಡು ಹಡಗು ಎಂದು ಮೊದಲು ಅವನ್ನು ನೋಂದಾಯಿಸಿ, ಲೈಫ್ ಜಾಕೆಟ್ ಹಂಚಿ. ಬೋರಲು ಬಿದ್ದಿರುವ ಹರಿಗೋಲಿನ ಡಾಂಬರು ಅಷ್ಟರಲ್ಲಿ ಒಣಗುತ್ತದೆ.