ಹಿರೇಹಳ್ಳಿ ದಾಟಿದ ಮೇಲೆ ಅವರು ಮಾಡಿದ ಆ ಕೈಸನ್ನೆ

ಕಿವಿ ಮುಚ್ಚಿಕೊಂಡಿದ್ದೆ. ಎರಡೂ ಅಂಗೈ ಒತ್ತಿ, ಓಲೆಯ ತಿರುಪು ಚುಚ್ಚುವಷ್ಟು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಕಣ್ಣನ್ನೂ ಮುಚ್ಚಿಕೊಳ್ಳಬೇಕೆಂದು ಹೊಳೆಯಲಿಲ್ಲ. ಮೂರು ವರ್ಷ ಕಾದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದಂತಾಯಿತು.

ಚಿತ್ರದ ಹೆಸರು ಬರೆಯುವುದಿಲ್ಲ. ಯಾವ ಭಾಷೆಯದು, ಎಷ್ಟನೆಯ ಭಾಗ ಎಂದೂ ಹೇಳುವುದಿಲ್ಲ. ನೀವು ಊಹಿಸಿದ್ದರೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಇವತ್ತು ಬೆಳಿಗ್ಗೆ ರೈಲಿನಲ್ಲಿ, ಚಿತ್ರ ನೋಡುವ ಮೊದಲೇ, ಅದರ ಗುಟ್ಟು ನನಗೆ ತಿಳಿದುಹೋಯಿತು. ನನಗಾದದ್ದು ಇನ್ನೊಬ್ಬರಿಗೆ ಆಗುವುದು ಬೇಡ. ಈಗ ರಾತ್ರಿ ಹತ್ತೂವರೆ. ಮಗ ಮಲಗಿದ್ದಾನೆ. ನನಗೆ ನಿದ್ದೆ ಹತ್ತುತ್ತಿಲ್ಲ.

ಭಾನುವಾರದ ಟಿಕೆಟ್ ಅಲ್ಲೇ ದೇವರ ಪಟದ ಕೆಳಗಿದೆ. ಟಿಕೆಟ್ ಮೊಬೈಲಿನಲ್ಲಿದ್ದರೆ ಸಾಲದು, ಕೈಯಲ್ಲಿ ಕಾಗದ ಇರಬೇಕೆಂದು ಮಗ ಹಟ ಹಿಡಿದು ಮುದ್ರಿಸಿಕೊಂಡು ಬಂದಿದ್ದಾನೆ. ಏಳನೆಯ ತರಗತಿಯ ಹುಡುಗ. ಒಂದೂ ಟ್ರೇಲರ್ ನೋಡಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ನೋಡಲಿಲ್ಲ. ಟಿವಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಇಬ್ಬರೂ ಅಡುಗೆಮನೆಗೆ ಓಡುತ್ತಿದ್ದೆವು.

ತುಮಕೂರಿನಿಂದ ಯಶವಂತಪುರಕ್ಕೆ ರೈಲಿನ ಒಂದೇ ಡಬ್ಬಿಯಲ್ಲಿ ಹತ್ತು ವರ್ಷದಿಂದ ಓಡಾಡುತ್ತಿರುವವರು ನಾವು. ಆಯುಧಪೂಜೆಗೆ ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ ಕಟ್ಟಿ, ಪುರಿ ಹಂಚಿದವರು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರಿಗೆ ಸಕ್ಕರೆ ಕಾಯಿಲೆ ಶುರುವಾಯಿತು ಎಂಬುದೆಲ್ಲ ಮನೆಯವರಿಗಿಂತ ಮೊದಲು ಡಬ್ಬಿಗೆ ಗೊತ್ತಾಗುತ್ತದೆ. ಯಾವ ಸಿನಿಮಾ ಬಂದರೂ ಮೊದಲು ನೋಡಿ ಬಂದು ಅನಿಸಿಕೆ ಹೇಳುವುದು ನಾನೇ. ಕಥೆಯ ಗುಟ್ಟು ಬಿಟ್ಟುಕೊಡದೆ ಹೇಳುತ್ತೇನೆ ಎಂದೇ ನನ್ನನ್ನು ಕೇಳುತ್ತಾರೆ. ಅದರಲ್ಲೂ ಸಾಹಸ ಚಿತ್ರಗಳ ಮುಂದಿನ ಭಾಗಗಳೆಂದರೆ ನನಗೆ ಪ್ರಾಣ. ಹಿಂದಿನ ಭಾಗ ಎಷ್ಟು ನೆನಪಿರಬೇಕು, ಮಕ್ಕಳು ಹೆದರುತ್ತಾರೆಯೇ, ವಿರಾಮದ ನಂತರ ಎಳೆಯುತ್ತದೆಯೇ, ಇದಿಷ್ಟು ಹೇಳಿದರೆ ನೋಡುವವರಿಗೆ ಸಾಕು. ಯಾರು ಸತ್ತರು, ಯಾರು ಮರಳಿ ಬಂದರು ಎಂಬುದು ನನ್ನ ಬಾಯಿಂದ ಒಂದು ಸಲವೂ ಹೊರಬಿದ್ದಿಲ್ಲ.

2022ರ ಏಪ್ರಿಲ್ 14ರಂದು ಕೆಜಿಎಫ್‌ನ ಎರಡನೆಯ ಭಾಗ ಬಂತು. ಮೊದಲನೆಯದು ಬಂದದ್ದು 2018ರ ಡಿಸೆಂಬರ್‌ನಲ್ಲಿ. ನಡುವೆ ಕೊರೊನಾ, ಮುಂದೂಡಿದ ದಿನಾಂಕ, ಮೂರು ವರ್ಷಕ್ಕೂ ಮೀರಿದ ಕಾಯುವಿಕೆ. ನಾನು ಮೊದಲ ದಿನವೇ ನೋಡಿದೆ. ಮರುದಿನ ಡಬ್ಬಿಯಲ್ಲಿ ನಾನು ಹೇಳಿದ್ದು ಎರಡೇ ಮಾತು. ಮೊದಲ ಭಾಗದಲ್ಲಿ ಅನಂತ್ ನಾಗ್ ಹೇಳುತ್ತಿದ್ದ ಕಥೆಯನ್ನು ಇಲ್ಲಿ ಪ್ರಕಾಶ್ ರಾಜ್ ಮುಂದುವರಿಸುತ್ತಾರೆ, ಕಿವಿ ಹೊಂದಿಕೊಳ್ಳಲು ಹತ್ತು ನಿಮಿಷ ಕೊಡಿ. ಕೊನೆಯಲ್ಲಿ ಹೆಸರುಗಳು ಓಡುವಾಗ ಎದ್ದು ಬರಬೇಡಿ. ಅಷ್ಟೇ.

ಇವತ್ತು ಗುಟ್ಟು ಬಿಟ್ಟುಕೊಟ್ಟ ಇದೇ ಮನುಷ್ಯರು, ಎದುರಿನ ಕಿಟಕಿ ಪಕ್ಕ ಕೂರುವವರು, ಅವತ್ತು ನನ್ನ ಹತ್ತಿರ ಬಗ್ಗಿ ಕೇಳಿಕೊಂಡಿದ್ದರು. ಮನೆಯವರಿಗೆ ಹುಷಾರಿರಲಿಲ್ಲ, ಹತ್ತು ದಿನ ಅವರಿಗೆ ಥಿಯೇಟರಿಗೆ ಹೋಗಲಾಗುವಂತಿರಲಿಲ್ಲ. “ನೀನೂ ಹೇಳಬೇಡಮ್ಮ, ಬೇರೆಯವರಿಗೂ ಹೇಳಲು ಬಿಡಬೇಡ” ಎಂದರು. ಬಿಡಲಿಲ್ಲ. ಹತ್ತು ದಿನ ಕಾವಲುಗಾರ್ತಿಯ ಹಾಗೆ ಕೂತು, ಯಾರಾದರೂ ಬಾಯಿ ತೆರೆದರೆ ಮಾತು ತಿರುಗಿಸಿದೆ. ನೋಡಿಕೊಂಡು ಬಂದ ಮೇಲೆ ನನ್ನ ಕೈಗೆ ಒಂದು ಪೊಟ್ಟಣ ಮೈಸೂರುಪಾಕು ಕೊಟ್ಟಿದ್ದರು. ಆ ಮನುಷ್ಯರೇ ಇವತ್ತು!

ಹಿರೇಹಳ್ಳಿ ಆಗಷ್ಟೇ ದಾಟಿತ್ತು. ಅವರು ಊಟದ ಡಬ್ಬಿ ತೆರೆದು ಚಿತ್ರಾನ್ನದ ಕಡಲೆಬೀಜ ಒಂದೊಂದಾಗಿ ಆರಿಸಿ ತಿನ್ನುತ್ತಿದ್ದರು. ನಿನ್ನೆ ಸಂಜೆಯ ಆಟ ನೋಡಿ ಬಂದಿದ್ದಾರೆಂದು ಯಾರೋ ಹೇಳಿದರು. ಹೇಗಿತ್ತು ಸರ್ ಎಂದು ಇನ್ಯಾರೋ ಕೇಳಿದರು. ನಾನು ಕೂಡಲೇ ಹೇಳಿದೆ: “ಸರ್, ದಯವಿಟ್ಟು ಕಥೆ ಹೇಳಬೇಡಿ, ಭಾನುವಾರ ಮಗನ ಜೊತೆ ಹೋಗುತ್ತಿದ್ದೇನೆ.” ಕೈ ಮುಗಿದೇ ಹೇಳಿದೆ. ಅವರು ಕಡಲೆಬೀಜ ಅಗಿಯುತ್ತಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಕ್ಕರು. “ಅಯ್ಯೋ ತಾಯಿ, ಇದೇನು ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯೇ, ಸೋರಿಕೆಯಾಯಿತೆಂದು ಅಳುವುದಕ್ಕೆ?”

ಇಡೀ ಡಬ್ಬಿ ನಕ್ಕಿತು. ನನ್ನ ಪಕ್ಕ ಕೂತಿದ್ದ ಗೆಳತಿಯೂ ನಕ್ಕಳು. ಬಾಗಿಲ ಬಳಿ ನಿಂತಿದ್ದ ಕಾಲೇಜು ಹುಡುಗರು ಇಯರ್‌ಫೋನ್ ತೆಗೆದು ಏನಾಯಿತೆಂದು ಕೇಳಿ, ಅವರೂ ನಕ್ಕರು.

ಅವರು ಹೇಳಲು ಶುರು ಮಾಡಿದರು. ನಾನು ಕಿವಿ ಮುಚ್ಚಿಕೊಂಡೆ. ರೈಲಿನ ಗಡಗಡ ಮಾತ್ರ ತಲೆಯೊಳಗೆ ಕೇಳುತ್ತಿತ್ತು. ಅವರ ತುಟಿ ಆಡುತ್ತಿತ್ತು. ಕೆಳಗಿನ ತುಟಿಯ ಮೇಲೆ ಒಂದು ಕರಿಬೇವಿನ ಚೂರು ಅಂಟಿತ್ತು, ಅದು ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಿದ್ದೆ. ನಾನು ಕಿವಿ ಮುಚ್ಚಿದ್ದೇನೆಂದು ಅವರಿಗೆ ಗೊತ್ತಾಯಿತು. ಮಾತು ನಿಲ್ಲಿಸಿದರು. ಸದ್ಯ, ಬಿಟ್ಟರು ಎಂದುಕೊಂಡೆ. ಬಿಟ್ಟಿರಲಿಲ್ಲ. ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟು, ಮುಂದೆ ಬಾಗಿ, ನನ್ನ ಕಣ್ಣಿಗೆ ಕಣ್ಣಿಟ್ಟು, ಎಣ್ಣೆಯ ಬೆರಳಲ್ಲಿ ಒಂದು ಸನ್ನೆ ಮಾಡಿದರು. ಒಂದೇ ಸನ್ನೆ. ಒಂದು ಕ್ಷಣದ ಸನ್ನೆ. ಅದು ಏನೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ನನಗೂ ಅವರಿಗೂ ವ್ಯತ್ಯಾಸ ಉಳಿಯುವುದಿಲ್ಲ. ಆ ಸನ್ನೆಯಲ್ಲಿ ಯಾರ ಕಥೆ ಹೇಗೆ ಮುಗಿಯುತ್ತದೆಂದು ನನಗೆ ತಿಳಿದುಹೋಯಿತು. ತಿಳಿದದ್ದನ್ನು ತಿಳಿಯದಂತೆ ಮಾಡಿಕೊಳ್ಳುವುದು ಹೇಗೆ, ಯಾರಾದರೂ ಹೇಳಿ.

ಕಣ್ಣಲ್ಲಿ ನೀರು ಬಂತು. ಬರಬಾರದಿತ್ತು, ಬಂತು. “ನೋಡಿ, ಅಳುತ್ತಿದ್ದಾಳೆ, ಚಿಕ್ಕ ಮಗು” ಎಂದರು. ಹಿಂದಿನ ಸೀಟಿನಿಂದ ಒಬ್ಬರು, “ಬಿಡಮ್ಮ, ಟಿಕೆಟ್ ದುಡ್ಡು ಉಳಿಯಿತು” ಎಂದರು. ದಾಬಸ್‌ಪೇಟೆ ಬರುವ ಹೊತ್ತಿಗೆ ಎಲ್ಲರೂ ಈರುಳ್ಳಿ ಬೆಲೆ ಮಾತಾಡುತ್ತಿದ್ದರು. ಎದ್ದು ಹೋಗಲು ಜಾಗವಿರಲಿಲ್ಲ, ನಿಂತವರೇ ಅಷ್ಟಿದ್ದರು. ಸೋಲದೇವನಹಳ್ಳಿ, ಚಿಕ್ಕಬಾಣಾವರ ದಾಟುವವರೆಗೂ ಅವರ ಎದುರೇ, ಅವರ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದೆ.

ಸಿನಿಮಾ ತಾನೆ, ಹೋಗಲಿ ಎಂದು ಮಧ್ಯಾಹ್ನ ಊಟಕ್ಕೆ ಕೂತಾಗ ಸಮಾಧಾನ ಮಾಡಿಕೊಂಡೆ. ಅವರಿಗೂ ವಯಸ್ಸಾಗಿದೆ, ಮುಂದಿನ ವರ್ಷ ನಿವೃತ್ತಿ, ತಮಾಷೆಗೆ ಮಾಡಿರಬಹುದು. ನನಗೆ ಅವರ ಮೇಲೆ ಸಿಟ್ಟಿಲ್ಲ ಎಂದು ಗೆಳತಿಗೆ ಸಂದೇಶವನ್ನೂ ಕಳಿಸಿದೆ. ಕಳಿಸಿದ ಮೇಲೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಸಿಟ್ಟಿದೆ. ತಮಾಷೆಯಾಗಿದ್ದರೆ ಮೊದಲ ಸಲ ಕೈ ಮುಗಿದಾಗಲೇ ನಿಲ್ಲಿಸಬೇಕಿತ್ತು. ಕಿವಿ ಮುಚ್ಚಿಕೊಂಡವಳ ಕಣ್ಣಿಗೆ ತೋರಿಸುವುದು ತಮಾಷೆಯಲ್ಲ.

ಮೊದಲ ಭಾಗದ ಗುಟ್ಟು ಹೋದರೆ ಎರಡು ಗಂಟೆಯ ಕುತೂಹಲ ಹೋಯಿತೆನ್ನಬಹುದು. ಮುಂದಿನ ಭಾಗದ ಗುಟ್ಟು ಹಾಗಲ್ಲ. ಅದರೊಳಗೆ ನಾವು ಕಾದ ವರ್ಷಗಳೂ ಇರುತ್ತವೆ. 2015ರ ಜುಲೈಯಲ್ಲಿ ಬಾಹುಬಲಿ ಒಂದು ಪ್ರಶ್ನೆ ಬಿಟ್ಟು ಮುಗಿಯಿತು. 2017ರ ಏಪ್ರಿಲ್ 28ರವರೆಗೆ ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ ಎಲ್ಲೆಲ್ಲೂ ಅದೇ ಪ್ರಶ್ನೆ. ಆಗ ಮಗ ಇನ್ನೂ ತೀರಾ ಚಿಕ್ಕವನು. ಅವನನ್ನು ಅಮ್ಮನ ಹತ್ತಿರ ಬಿಟ್ಟು ಹೋಗಿದ್ದೆ. ಉತ್ತರ ಪರದೆಯ ಮೇಲೆ ಬಂದಾಗ ಇಡೀ ಥಿಯೇಟರ್ ಒಮ್ಮೆಲೇ ಉಸಿರು ಹಿಡಿದದ್ದು ಇನ್ನೂ ನೆನಪಿದೆ. ಅದನ್ನು ಮಗನ ಪಕ್ಕ ಕೂತು ಒಂದು ಸಲ ಅನುಭವಿಸಬೇಕೆಂದಿದ್ದೆ. ಅದಕ್ಕೇ ಇಷ್ಟೆಲ್ಲ.

ಚಿತ್ರ ಮಾಡುವವರು ಇದಕ್ಕೆ ಎಷ್ಟು ಕಷ್ಟಪಡುತ್ತಾರೆ! 1980ರಲ್ಲಿ ಬಂದ ಸ್ಟಾರ್ ವಾರ್ಸ್ ಸರಣಿಯ ಎರಡನೆಯ ಚಿತ್ರ ತೆಗೆಯುವಾಗ, ಮುಖ್ಯ ಗುಟ್ಟಿನ ಮಾತನ್ನು ಸೆಟ್ಟಿನಲ್ಲಿ ಬೇರೆಯಾಗಿಯೇ ಹೇಳಿಸಿದ್ದರು. ಮುಖವಾಡದೊಳಗೆ ನಿಂತು ನಟಿಸಿದವರಿಗೇ ನಿಜವಾದ ಸಂಭಾಷಣೆ ಗೊತ್ತಿರಲಿಲ್ಲ, ಅದನ್ನು ಆಮೇಲೆ ಇನ್ನೊಬ್ಬರ ದನಿಯಲ್ಲಿ ಸೇರಿಸಿದರು. 2019ರಲ್ಲಿ ಅವೆಂಜರ್ಸ್ ಎಂಡ್‌ಗೇಮ್ ಬರುವ ಮೊದಲು ಅದರ ನಿರ್ದೇಶಕರಾದ ರೂಸೋ ಸಹೋದರರು, ಕಥೆ ಬಿಟ್ಟುಕೊಡಬೇಡಿ ಎಂದು ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದು ಕೇಳಿಕೊಂಡರು. ಅಷ್ಟು ಜೋಪಾನ ಮಾಡಿದ್ದನ್ನು ಚಿತ್ರಾನ್ನ ತಿನ್ನುತ್ತಾ ಒಂದು ಬೆರಳಲ್ಲಿ ಮುಗಿಸಿಬಿಡಬಹುದು.

ಮಾತಾಡಲೇಬಾರದೆಂದು ನಾನು ಹೇಳುತ್ತಿಲ್ಲ. ಮಾತಾಡಲು ಎಷ್ಟೊಂದಿದೆ. ಇಂಡಿಯಾನಾ ಜೋನ್ಸ್ ಸರಣಿಯ ಎರಡನೆಯ ಚಿತ್ರ 1984ರಲ್ಲಿ ಬಂದರೂ ಅದರ ಕಥೆ ನಡೆಯುವುದು ಮೊದಲನೆಯದಕ್ಕಿಂತ ಒಂದು ವರ್ಷ ಹಿಂದೆ. ನಮ್ಮ ದೇಶವೆಂದು ತೋರಿಸಿದ ಊರುಗಳನ್ನು ತೆಗೆದದ್ದು ಶ್ರೀಲಂಕಾದಲ್ಲಿ. ಕಾಂತಾರವೂ 2025ರಲ್ಲಿ ಮುಂದಕ್ಕೆ ಹೋಗದೆ ಕದಂಬರ ಕಾಲಕ್ಕೆ ಹಿಂದೆ ಸರಿಯಿತು. ಇದನ್ನೆಲ್ಲ ಕ್ಯಾತ್ಸಂದ್ರದಿಂದ ಯಶವಂತಪುರದವರೆಗೂ ಮಾತಾಡಬಹುದು, ಯಾರ ಭಾನುವಾರವೂ ಹಾಳಾಗುವುದಿಲ್ಲ.

ನನಗೆ ಒಂದು ಉತ್ತರ ಬೇಕು. ಆ ಡಬ್ಬಿಯಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ: ಯಾಕೆ ನಕ್ಕಿರಿ? ಅವರು ಹೇಳಿದ್ದಕ್ಕಿಂತ ನೀವು ನಕ್ಕದ್ದು ನನಗೆ ಹೆಚ್ಚು ನೋಯುತ್ತಿದೆ. ಹತ್ತು ವರ್ಷ ನಿಮ್ಮೆಲ್ಲರ ಗುಟ್ಟು ಕಾದಿದ್ದೇನೆ, ಸಿನಿಮಾದ್ದು ಮಾತ್ರವಲ್ಲ. ಒಬ್ಬರಿಗಾದರೂ “ಸುಮ್ಮನಿರಿ ಸರ್” ಎನ್ನಲು ಬಾಯಿ ಬರಲಿಲ್ಲವೇ? ನಾಳೆಯಿಂದ ಬೇರೆ ಡಬ್ಬಿ ಹತ್ತುತ್ತೇನೆ ಎಂದುಕೊಂಡಿದ್ದೇನೆ. ಹತ್ತುವುದಿಲ್ಲವೇನೋ. ಬೇರೆ ಡಬ್ಬಿಯಲ್ಲಿ ನನಗಾಗಿ ಜಾಗ ಹಿಡಿಯುವವರು ಯಾರಿದ್ದಾರೆ?

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಮಗ ಓಡಿ ಬಂದ. “ಅಮ್ಮಾ, ರೈಲಿನಲ್ಲಿ ಯಾರೂ ಏನೂ ಹೇಳಲಿಲ್ಲ ತಾನೆ?”

ಇಲ್ಲ ಕಂದ ಎಂದೆ. ಅವನು ಕೂಡಲೇ ಹೋಗಿ ದೇವರ ಪಟದ ಕೆಳಗೆ ಟಿಕೆಟ್ ಇದೆಯೇ ಎಂದು ನೋಡಿ ಬಂದ. ಭಾನುವಾರ ಆ ದೃಶ್ಯ ಬಂದಾಗ ಅವನು ನನ್ನ ಕೈ ಹಿಡಿದು ನನ್ನ ಮುಖ ನೋಡುತ್ತಾನೆ, ಯಾವಾಗಲೂ ಹಾಗೆಯೇ ಮಾಡುತ್ತಾನೆ. ಆಗ ನನ್ನ ಮುಖ ಹೇಗಿರಬೇಕೆಂದು ಈಗಿನಿಂದಲೇ ಯೋಚಿಸುತ್ತಾ ಕೂತಿದ್ದೇನೆ.