ಬ್ರೇಕ್ ಮೇಲೆ ಯಾಕೆ ತಪ್ಪು ಹೊರಿಸ್ತೀರಿ?
ವಿಮಾನ ಅಪಘಾತದ ಬಗ್ಗೆ ನಿಮ್ಮ ಲೇಖನದಲ್ಲಿ, ಹುಲ್ಲಿನ ರನ್‌ವೇ ಚಿಕ್ಕದು, ಬ್ರೇಕ್ ಹಿಡಿಯಲಿಲ್ಲ, ಅದಕ್ಕೇ ಪುಟ್ಟ ವಿಮಾನ ಬೇಲಿಗೆ ನುಗ್ಗಿತು ಅಂತ ಬರೆದಿದ್ದೀರಿ. ಆದರೆ ಅರ್ಧ ರನ್‌ವೇ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು ಅಂತಲೂ ನೀವೇ ಹೇಳಿದ್ದೀರಿ. ಎಡವಟ್ಟು ಆಗಿದ್ದು ಅಲ್ಲೇ, ಅಲ್ವಾ? ಆಗಲೇ ಮತ್ತೆ ಮೇಲೇರಬೇಕಿತ್ತು. ನೆಲ ಮುಟ್ಟುವಾಗಿನ ವೇಗ ಶೇ. 10 ಜಾಸ್ತಿಯಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ಶೇ. 21 ಏರುತ್ತದೆ. ನಮ್ಮ ಹಾಸನವಂತೂ ಸುಮಾರು 3,000 ಅಡಿ ಎತ್ತರದಲ್ಲಿದೆ. ಗಾಳಿ ತೆಳು. ಗಾಳಿಯ ಒತ್ತಡದಿಂದ ವೇಗ ಅಳೆಯುವ ಮೀಟರ್ ಅದೇ ವೇಗ ತೋರಿಸಿದರೂ ವಿಮಾನ ನೆಲದ ಮೇಲೆ ಇನ್ನೂ ಜೋರಾಗಿ ಓಡುತ್ತಿರುತ್ತದೆ. ಇನ್ನು ಒದ್ದೆ ಹುಲ್ಲು! ಸಕಲೇಶಪುರದ ಕಡೆ ಮಳೆಗಾಲದಲ್ಲಿ ತೋಟದ ಇಳಿಜಾರಲ್ಲಿ ಜೀಪಿನ ಬ್ರೇಕ್ ತುಳಿದವರನ್ನು ಕೇಳಿ: ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ವಿಮಾನವನ್ನು ಹಿಂದಿನಿಂದ ತಳ್ಳುವ ಹಿಂಗಾಳಿ ಇತ್ತಾ ಅಂತ ಮಾತ್ರ ಲೇಖನದಲ್ಲಿ ಎಲ್ಲೂ ಇಲ್ಲ, ಅದನ್ನೂ ಸೇರಿಸಿ.