ಸ್ಟ್ರಾಂಗಾ, ಚಿಲ್ಡಾ?

ದಾವಣಗೆರೆಯಿಂದ ಬಂದಿದ್ದ ಭಾವಮೈದನಿಗೆ ಸಿಯೆರಾ ನೆವಾಡಾ ಪೇಲ್ ಏಲ್ ಅನ್ನೋ ಬಿಯರ್ ಬಗ್ಗಿಸಿ ಕೊಟ್ಟೆ. ಒಂದೇ ಗುಟುಕಿಗೆ ಮುಖ ಕಿವುಚಿದ. "ಏನ್ ಭಾವ, ಕಷಾಯ ಕುಡಿದಂಗೈತಲ್ಲ! ಎಷ್ಟು ಪರ್ಸೆಂಟು ಇದು?"

ಕಷಾಯ ಅಂದದ್ದಕ್ಕೆ ಬೇಜಾರಿಲ್ಲ, ಕಹಿ ಇರೋದು ನಿಜ. ಚುಚ್ಚಿದ್ದು ಆ ಪರ್ಸೆಂಟು. ನಮ್ಮ ಕಡೆ ಬಾರುಗಳಲ್ಲಿ ಬಿಯರಿನ ಬಗ್ಗೆ ಪ್ರಶ್ನೆ ಎರಡೇ: ಸ್ಟ್ರಾಂಗಾ, ಚಿಲ್ಡಾ? ರುಚಿ ಹೇಗಿದೆ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ. ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ, ಬಿಯರ್ ತಯಾರಿಸುವ ಬ್ರೂವರಿಗಳಲ್ಲಿ ಪುಟ್ಟ ಲೋಟಕ್ಕೆ ನಾಲ್ಕು ಗುಟುಕು ಸುರಿದು, ಮೊದಲು ಮೂಸಿ ನೋಡಿ ಅಂತಾರೆ.

ಮೂಸೋಕೆ ಇದರಲ್ಲಿ ಬೇಕಾದಷ್ಟಿದೆ. ಜೇನಿನ ಬಣ್ಣ, ಮೇಲೆ ದಪ್ಪ ನೊರೆ. ಮೂಗಿಗೆ ಹಿಡಿದರೆ ಚಕ್ಕೋತದ ಸಿಪ್ಪೆ ಚಿವುಟಿದ ಘಾಟು, ಅದರ ಹಿಂದೆ ಪೈನ್ ಮರದ ಅಂಟಿನ ವಾಸನೆ. ಬಾಯಲ್ಲಿ ಮೊದಲು ಮಾಲ್ಟಿನ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ, ತುಸು ಸಿಹಿ. ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಒಣ ಕಹಿ ನಿಲ್ಲುತ್ತದೆ. ಆ ಘಾಟು 1972ರಲ್ಲಿ ಬೆಳೆಗಾರರ ಕೈಗೆ ಬಂದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಯದು; ಹಾಪ್ಸ್ ಅಂದರೆ ಬಿಯರಿಗೆ ಕಹಿ, ಪರಿಮಳ ಎರಡನ್ನೂ ಕೊಡುವ ಬಳ್ಳಿಯ ಹೂವು. ಕ್ಯಾಸ್ಕೇಡನ್ನೇ ನೆಚ್ಚಿ ಸಿಯೆರಾ ನೆವಾಡಾ ಕಂಪನಿಯ ಕೆನ್ ಗ್ರಾಸ್‌ಮನ್ 1980ರಲ್ಲಿ ಇಲ್ಲಿಂದ ಉತ್ತರಕ್ಕಿರುವ ಚೀಕೊದಲ್ಲಿ ಈ ಏಲ್ ಕುದಿಸಿದ. ಹಾಪ್ಸ್ ಮೊದಲೇ ಹಾಕಿ ಕುದಿಸಿದರೆ ಕಹಿ, ಕೊನೆಗೆ ಹಾಕಿದರೆ ಪರಿಮಳ; ಇಂಗಿನ ಒಗ್ಗರಣೆಯ ಲೆಕ್ಕವೇ. ಐಸಿನಷ್ಟು ತಣ್ಣಗೆ ಮಾಡಿಟ್ಟರೆ ಆ ಪರಿಮಳ ಮೇಲೇಳೋದೇ ಇಲ್ಲ.

ಹಾಗಲಕಾಯಿ ಗೊಜ್ಜು ಎರಡನೇ ಸಲ ಬಡಿಸಿಕೊಳ್ಳುವ, ಹೇರಳೆಕಾಯಿ ಉಪ್ಪಿನಕಾಯಿಗೆ ಜಗಳಕ್ಕೆ ನಿಲ್ಲುವ ಜನ ನಾವು. ಬಾಟಲಿಯ ಕಹಿ ಮಾತ್ರ ಯಾಕಾಗದು? ಅಲ್ಲಿ ನಾವು ಹುಡುಕುವುದು ರುಚಿಯನ್ನಲ್ಲ, ಕಿಕ್ಕನ್ನು, ಅಷ್ಟೇ. 5.6 ಪರ್ಸೆಂಟು ಅಂದೆ. ಐದು ದಾಟಿದರೆ ಭಾರತದ ಲೆಕ್ಕದಲ್ಲಿ ಸ್ಟ್ರಾಂಗೇ. ಕೇಳಿದ್ದೇ ತಡ, ಕಷಾಯದ ಲೋಟ ಖಾಲಿ!

ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಈಗ ಹಾಪ್ಸ್ ಘಮದ ಏಲ್ ಸಿಗುತ್ತದೆ, ಹುಡುಗರು ಮೂಸಿಯೂ ಕುಡಿಯುತ್ತಾರೆ, ಇರಲಿ, ಒಪ್ಪಿದೆ. ಇನ್ನೊಂದೂ ಹೇಳಬೇಕು. ಹಾಪ್ಸ್ ಪರಿಮಳ ಕೆಲವೇ ತಿಂಗಳಲ್ಲಿ ಬಾಡುತ್ತದೆ, ಸೆಕೆಗಂತೂ ಇನ್ನೂ ಬೇಗ. ಏಪ್ರಿಲ್ ಬಿಸಿಲಲ್ಲಿ ಲಾರಿಯಲ್ಲಿ ಬೆಂದು ದಾವಣಗೆರೆ ಮುಟ್ಟುವ ಬಾಟಲಿಯಲ್ಲಿ ಉಳಿಯೋದು ಬರೀ ಕಹಿಯೇ. ಅಲ್ಲಿಗೆ ನಮ್ಮ ಬಾರುಗಳ ಮಾಮೂಲಿ ಬಿಯರು, ಚಿಲ್ಡ್ ಲಾಗರ್ರೇ ಸರಿಯೇನೋ. ಜುಲೈನಲ್ಲಿ ಸ್ಯಾಕ್ರಮೆಂಟೋ ನಲವತ್ತು ಡಿಗ್ರಿ ಮುಟ್ಟಿದ ದಿನ ನಾನೂ ಫ್ರಿಜ್ಜಿನ ತಳದಿಂದ ಅಗ್ಗದ ಲೈಟ್ ಬಿಯರ್ ಕ್ಯಾನ್ ತೆಗೆಯುತ್ತೇನೆ. ಲೋಟ ಕೂಡ ಹುಡುಕೋದಿಲ್ಲ.